ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ ಹುಟ್ಟುವ ಲವಣ ಯಾವುದು? ತಾಳಗುಂದ ಭಾಗದ ಹೊಲ, ತೋಟ, ನೀರು ಮತ್ತು ದಾಸ್ತಾನು ಕೊಠಡಿಯ ನಿದರ್ಶನಗಳು

(ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ ಅಧ್ಯಯನ ಲೇಖನ)

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಖರೀದಿಯ ಬಿಲ್ಲುಗಳು ಬಂದಾಗ ಬೀದಿದೀಪ, ಪೈಪು, ಮೋಟಾರು ದುರಸ್ತಿಗಳ ಬಗ್ಗೆ ಸದಸ್ಯರು ವಿವರವಾಗಿ ಪ್ರಶ್ನಿಸುವುದುಂಟು. ಬ್ಲೀಚಿಂಗ್ ಪೌಡರ್, ಆಲಂ, ಸುಣ್ಣ, ಶೌಚಾಲಯ ತೊಳೆಯುವ ಆಸಿಡ್ ಎಂಬ ಬಾಬ್ತುಗಳು ಮಾತ್ರ ಹೆಚ್ಚಿನ ಚರ್ಚೆಯಿಲ್ಲದೆ ಅನುಮೋದನೆ ಪಡೆಯುತ್ತವೆ. ಅವುಗಳ ಮೊತ್ತ ಚಿಕ್ಕದು ಎಂಬುದು ಒಂದು ಕಾರಣ. ಅವು ರಸಾಯನಶಾಸ್ತ್ರಕ್ಕೆ ಸೇರಿದವು, ತಮಗೆ ತಿಳಿಯುವಂಥವಲ್ಲ ಎಂಬ ಸಂಕೋಚ ಇನ್ನೊಂದು. ಈ ಸಂಕೋಚಕ್ಕೆ ಆಧಾರವಿಲ್ಲ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಕುರಿತ ಪಾಠವೊಂದಿದೆ. ಅದರಲ್ಲಿನ ಒಂದೇ ಒಂದು ನಿಯಮ ಕೈವಶವಾದರೆ ಮೇಲಿನ ಎಲ್ಲ ವಸ್ತುಗಳ ಬಗ್ಗೆಯೂ ಸರಿಯಾದ ಪ್ರಶ್ನೆ ಕೇಳಬಹುದು. ತಾಳಗುಂದ ಹೋಬಳಿಯ ಮತ್ತು ಪಕ್ಕದ ಸೊರಬ ತಾಲ್ಲೂಕಿನ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಆ ನಿಯಮವನ್ನು ಇಲ್ಲಿ ವಿವರಿಸಲಾಗಿದೆ.

ನಿಯಮ

ಪ್ರತಿಯೊಂದು ಆಮ್ಲದಲ್ಲಿ ಎರಡು ಭಾಗಗಳಿವೆ. ಒಂದು ಜಲಜನಕ, ಇನ್ನೊಂದು ಆ ಆಮ್ಲಕ್ಕೆ ಹೆಸರು ಕೊಟ್ಟ ಭಾಗ. ಹಾಗೆಯೇ ಸುಣ್ಣ, ಕಾಸ್ಟಿಕ್ ಸೋಡಾಗಳಂತಹ ಪ್ರತ್ಯಾಮ್ಲದಲ್ಲಿ ಒಂದು ಲೋಹ ಮತ್ತು ಹೈಡ್ರಾಕ್ಸಿಲ್ ಎಂಬ ಭಾಗ ಇರುತ್ತವೆ. ಎರಡೂ ನೀರಿನಲ್ಲಿ ಸೇರಿದಾಗ ಆಮ್ಲದ ಜಲಜನಕವೂ ಪ್ರತ್ಯಾಮ್ಲದ ಹೈಡ್ರಾಕ್ಸಿಲೂ ಕೂಡಿ ನೀರಾಗುತ್ತವೆ. ಆಮ್ಲದ ಹುಳಿ, ಸುಣ್ಣದ ಸುಡುಗುಣ ಎರಡೂ ಕಳೆಯುವುದು ಈ ಕಾರಣದಿಂದ. ಉಳಿದ ಎರಡು ಭಾಗಗಳು, ಅಂದರೆ ಪ್ರತ್ಯಾಮ್ಲದ ಲೋಹವೂ ಆಮ್ಲದ ಶೇಷಭಾಗವೂ ಜೊತೆಯಾದರೆ ಅದೇ ಲವಣ. ಈ ಕ್ರಿಯೆಗೆ ತಟಸ್ಥೀಕರಣವೆಂದು ಹೆಸರು.

ಆದ್ದರಿಂದ ಲವಣದ ಹೆಸರನ್ನು ಮೊದಲೇ ಹೇಳಬಹುದು. ಹೆಸರಿನ ಮೊದಲರ್ಧ ಪ್ರತ್ಯಾಮ್ಲದಿಂದ, ಎರಡನೆಯ ಅರ್ಧ ಆಮ್ಲದಿಂದ ಬರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಕೊಡುವುದು ಕ್ಲೋರೈಡ್. ಸಲ್ಫ್ಯೂರಿಕ್ ಆಮ್ಲ, ಅಂದರೆ ಗಂಧಕಾಮ್ಲ ಕೊಡುವುದು ಸಲ್ಫೇಟ್. ನೈಟ್ರಿಕ್ ಆಮ್ಲ ನೈಟ್ರೇಟನ್ನೂ ಫಾಸ್ಫಾರಿಕ್ ಆಮ್ಲ ಫಾಸ್ಫೇಟನ್ನೂ ಕಾರ್ಬಾನಿಕ್ ಆಮ್ಲ ಕಾರ್ಬೊನೇಟನ್ನೂ ಕೊಡುತ್ತವೆ. ಸುಣ್ಣದಲ್ಲಿರುವ ಲೋಹ ಕ್ಯಾಲ್ಸಿಯಂ, ಕಾಸ್ಟಿಕ್ ಸೋಡಾದಲ್ಲಿರುವುದು ಸೋಡಿಯಂ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಸೇರಿದರೆ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆಯ ಉಪ್ಪು. ಲೆಕ್ಕವೂ ಸರಿಹೊಂದುತ್ತದೆ: 40 ಗ್ರಾಂ ಕಾಸ್ಟಿಕ್ ಸೋಡಾ ಮತ್ತು 36.5 ಗ್ರಾಂ ಆಮ್ಲ ಸೇರಿ 58.5 ಗ್ರಾಂ ಉಪ್ಪು ಮತ್ತು 18 ಗ್ರಾಂ ನೀರು. ಸುಡುವ ಎರಡು ವಸ್ತುಗಳು ಸೇರಿ ಊಟಕ್ಕೆ ಬಡಿಸುವ ವಸ್ತುವಾಗುವುದು ಎಷ್ಟು ಸಲ ಕೇಳಿದರೂ ಸೋಜಿಗವೇ ಸರಿ.

ಎಷ್ಟಕ್ಕೆ ಎಷ್ಟು ಎಂಬುದನ್ನು ತಿಳಿಯಲು ಕೈಗಳ ಲೆಕ್ಕ ಸಾಕು. ಸೋಡಿಯಂಗೆ ಒಂದು ಕೈ, ಕ್ಯಾಲ್ಸಿಯಂಗೆ ಎರಡು. ಕ್ಲೋರೈಡಿಗೆ ಒಂದು, ಸಲ್ಫೇಟಿಗೂ ಕಾರ್ಬೊನೇಟಿಗೂ ಎರಡೆರಡು. ಯಾವ ಕೈಯೂ ಖಾಲಿ ಉಳಿಯಬಾರದು. ಆದ್ದರಿಂದ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್ ಬೇಕು, ಸಲ್ಫೇಟಾದರೆ ಒಂದು ಸಾಕು. ಎರಡು ಜಲಜನಕಗಳುಳ್ಳ ಆಮ್ಲವು ಅರ್ಧಕ್ಕೇ ತಟಸ್ಥವಾಗಿ ನಿಲ್ಲುವುದೂ ಉಂಟು. ಕಾರ್ಬಾನಿಕ್ ಆಮ್ಲದ ಒಂದೇ ಜಲಜನಕದ ಜಾಗಕ್ಕೆ ಸೋಡಿಯಂ ಬಂದರೆ ಅದು ಅಡುಗೆ ಸೋಡಾ. ಎರಡರ ಜಾಗಕ್ಕೂ ಬಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ.

ಹೊಲ: ಸುಣ್ಣವೋ ಜಿಪ್ಸಂವೋ

ಶಿಕಾರಿಪುರ ತಾಲ್ಲೂಕಿನಿಂದ ಪಶ್ಚಿಮಕ್ಕೆ, ಸೊರಬ ಮತ್ತು ಸಾಗರದ ಕಡೆ ಸಾಗಿದಂತೆ ಮಳೆ ಹೆಚ್ಚು. ನೂರಾರು ವರ್ಷಗಳ ಮಳೆಯು ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಹಳ್ಳಕ್ಕೆ ಸೇರಿಸಿದೆ. ಅವು ಕುಳಿತಿದ್ದ ಜಾಗದಲ್ಲಿ ಈಗ ಜಲಜನಕ ಮತ್ತು ಅಲ್ಯೂಮಿನಿಯಂ ಕುಳಿತಿವೆ. ಮಲೆನಾಡಿನ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಹುಳಿಯಾಗಿರುವುದು ಹೀಗೆ. ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ ಎಂಬ ಅಂಕಣವಿರುತ್ತದೆ. 7 ಇದ್ದರೆ ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ. 5.5ಕ್ಕಿಂತ ಕೆಳಗೆ ಇಳಿದಾಗ ಅಲ್ಯೂಮಿನಿಯಂ ಕರಗಿ ಮೆಕ್ಕೆಜೋಳದಂತಹ ಬೆಳೆಗಳ ಬೇರು ಮೊಂಡಾಗುತ್ತದೆ. ಹಾಕಿದ ರಂಜಕದ ಗೊಬ್ಬರವೂ ಮಣ್ಣಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಇಂತಹ ಹೊಲಕ್ಕೆ ಏನು ಹಾಕಬೇಕೆಂದು ಕೇಳುವ ರೈತರಿಗೆ ಕೆಲವೊಮ್ಮೆ ಸುಣ್ಣದ ಬದಲು ಜಿಪ್ಸಂ ಹೇಳಲಾಗುತ್ತದೆ. ಎರಡೂ ಬಿಳಿ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ ಇದೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಡಿ ಗಂಧಕದ ಕೊರತೆ ನೀಗಲು ಜಿಪ್ಸಂ ವಿತರಣೆಯಾದದ್ದರಿಂದ ಅದರ ಹೆಸರು ಮನೆಮಾತಾಗಿದೆ. ಆದರೆ ಮೇಲಿನ ನಿಯಮದಿಂದ ನೋಡಿದರೆ ಗೊಂದಲಕ್ಕೆ ಎಡೆಯೇ ಇಲ್ಲ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಸಲ್ಫೇಟ್ ಬರುವುದು ಗಂಧಕಾಮ್ಲದಿಂದ, ಕ್ಯಾಲ್ಸಿಯಂ ಬರುವುದು ಸುಣ್ಣದಿಂದ. ಅಂದರೆ ಅದರಲ್ಲಿನ ಸುಣ್ಣವು ತನ್ನ ಪಾಲಿನ ಆಮ್ಲವನ್ನು ಆಗಲೇ ಭೇಟಿಯಾಗಿ ಮುಗಿದಿದೆ. ಗಂಧಕಾಮ್ಲವು ಪ್ರಬಲ ಆಮ್ಲವಾದ್ದರಿಂದ ಅದು ಹಿಡಿದ ಕ್ಯಾಲ್ಸಿಯಂ ಮಣ್ಣಿನ ಹುಳಿಯನ್ನು ಕಳೆಯಲು ಒದಗುವುದಿಲ್ಲ. ಕೃಷಿ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಲವಣವೇ. ಆದರೆ ಅದರ ತಂದೆಯಾದ ಕಾರ್ಬಾನಿಕ್ ಆಮ್ಲ ಬಹು ದುರ್ಬಲ. ಮಣ್ಣಿನ ಆಮ್ಲ ಎದುರಾದೊಡನೆ ಅದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟುಹೋಗುತ್ತದೆ, ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲೆ ಕುಳಿತುಕೊಳ್ಳುತ್ತದೆ.

ಖರೀದಿಯ ದೃಷ್ಟಿಯಿಂದ ಇದನ್ನು ಅಂಕಿಗಳಲ್ಲಿ ಹೇಳಬಹುದು. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನ ತಟಸ್ಥೀಕರಣ ಮೌಲ್ಯವನ್ನು 100 ಎಂದಿಟ್ಟರೆ ಶುದ್ಧ ಡಾಲೊಮೈಟಿಗೆ ಸುಮಾರು 109, ಅರಳಿದ ಸುಣ್ಣಕ್ಕೆ 135, ಸುಟ್ಟ ಸುಣ್ಣಕ್ಕೆ 178. ಜಿಪ್ಸಂಗೆ ಸೊನ್ನೆ. ಮಾರುಕಟ್ಟೆಯ ಚೀಲದಲ್ಲಿ ಮಣ್ಣು, ತೇವ ಸೇರಿರುವುದರಿಂದ ಈ ಅಂಕಿ ತಗ್ಗುತ್ತದೆ. ಆದ್ದರಿಂದ ಚೀಲದ ಮೇಲೆ ಈ ಮೌಲ್ಯ ನಮೂದಾಗಿದೆಯೇ ಎಂದು ನೋಡುವುದು, ದರಕ್ಕಿಂತ ಮುಂಚೆ ಆಗಬೇಕಾದ ಕೆಲಸ.

ಜಿಪ್ಸಂ ನಿರುಪಯೋಗಿಯೆಂದು ಇದರ ಅರ್ಥವಲ್ಲ. ನೆಲಗಡಲೆ ಕಾಯಿ ಕಟ್ಟುವಾಗ ಅದು ಕ್ಯಾಲ್ಸಿಯಂ ಮತ್ತು ಗಂಧಕ ಎರಡನ್ನೂ ಒದಗಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿರುಗುಪ್ಪದ ಕಡೆ ಸೋಡಿಯಂ ತುಂಬಿದ ಚೌಳು ನೆಲಗಳಿವೆ. ಅಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನಲ್ಲಿ ಕುಳಿತು ಸೋಡಿಯಂ ಅನ್ನು ಎಬ್ಬಿಸುತ್ತದೆ, ಎದ್ದ ಸೋಡಿಯಂ ಸಲ್ಫೇಟ್ ನೀರಿನೊಡನೆ ಬಸಿದು ಹೋಗುತ್ತದೆ. ಅಲ್ಲಿಗೆ ಅದು ಮದ್ದು. ತಾಳಗುಂದದ ಹುಳಿ ನೆಲಕ್ಕೆ ಬೇಕಾದ ಮದ್ದು ಸುಣ್ಣ. ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕೇ ಹೊರತು ಅಂದಾಜು ಹೇಳಬಾರದು.

ಸುಣ್ಣ ಹಾಕಿದ ಕೂಡಲೇ ಅಮೋನಿಯಂ ಸಲ್ಫೇಟ್ ಎರಚುವ ಪದ್ಧತಿಯೂ ಅಲ್ಲಲ್ಲಿ ಇದೆ. ಅಮೋನಿಯಂ ಸಲ್ಫೇಟ್ ಎಂಬುದು ಗಂಧಕಾಮ್ಲ ಮತ್ತು ಅಮೋನಿಯದ ಲವಣ. ಅಮೋನಿಯ ದುರ್ಬಲ ಪ್ರತ್ಯಾಮ್ಲ; ಅದಕ್ಕಿಂತ ಪ್ರಬಲವಾದ ಅರಳಿದ ಸುಣ್ಣ ಬಂದಾಗ ಸಲ್ಫೇಟನ್ನು ಸುಣ್ಣ ಸೆಳೆದುಕೊಂಡು ಜಿಪ್ಸಂ ಆಗುತ್ತದೆ, ಅಮೋನಿಯ ಗಾಳಿಗೆ ಹಾರುತ್ತದೆ. ಹೊಲದಲ್ಲಿ ಮೂಗಿಗೆ ಬಡಿಯುವ ಆ ವಾಸನೆ ರೈತನ ದುಡ್ಡಿನದು. ಸುಣ್ಣಕ್ಕೂ ಇಂತಹ ಗೊಬ್ಬರಕ್ಕೂ ನಡುವೆ ಎರಡು ಮೂರು ವಾರಗಳ ಅಂತರ ಬೇಕು.

ತೋಟ: ಬೋರ್ಡೋ ದ್ರಾವಣ

ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವುದು ಈ ಭಾಗದ ಮಳೆಗಾಲದ ವಾಡಿಕೆ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೆಳೆಗಾರರು ಬಳ್ಳಿಗಳಿಗೆ ಈ ನೀಲಿ ಮಿಶ್ರಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗ ಬಾರದಿರುವುದನ್ನು ಗಮನಿಸಿದ ಪ್ರಾಧ್ಯಾಪಕ ಮಿಲಾರ್ಡೆ 1885ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆಗೆ ಫೈಟಾಫ್ತೊರಾ ಎಂಬ ಶಿಲೀಂಧ್ರವೇ ಕಾರಣವೆಂದು ತೋರಿಸಿ, 1910ರ ತಮ್ಮ ವರದಿಯಲ್ಲಿ ಇದೇ ದ್ರಾವಣವನ್ನು ಶಿಫಾರಸು ಮಾಡಿದರು. ಮಲೆನಾಡಿನ ಗೊನೆಗಳು ಒಂದು ಶತಮಾನಕ್ಕೂ ಮೇಲ್ಪಟ್ಟು ಅದನ್ನೇ ನಂಬಿವೆ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಇಲ್ಲಿ ಲವಣದ ಬಗೆಗಿನ ಎರಡನೆಯ ಪಾಠವಿದೆ: ಲವಣವೆಂದ ಮಾತ್ರಕ್ಕೆ ಅದು ತಟಸ್ಥವಾಗಿರಬೇಕೆಂದಿಲ್ಲ. ತಂದೆ ತಾಯಿಗಳಲ್ಲಿ ಯಾರು ಪ್ರಬಲರೋ ಅವರ ಗುಣ ಮಗುವಿಗೆ ಬರುತ್ತದೆ. ಗಂಧಕಾಮ್ಲ ಪ್ರಬಲ, ತಾಮ್ರದ ಹೈಡ್ರಾಕ್ಸೈಡ್ ದುರ್ಬಲ. ಹಾಗಾಗಿ ಮೈಲುತುತ್ತದ ನೀರು ಹುಳಿ. ಅದನ್ನು ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ, ಸಿಂಗಾರಗಳು ಸುಡುತ್ತವೆ. ಸುಣ್ಣ ಸೇರಿಸಿದಾಗ ಸಲ್ಫೇಟ್ ಕ್ಯಾಲ್ಸಿಯಂನೊಡನೆ ಹೋಗಿ ಮತ್ತೆ ಜಿಪ್ಸಂ ಆಗುತ್ತದೆ. ತಾಮ್ರವು ಹೈಡ್ರಾಕ್ಸೈಡ್ ಮತ್ತು ಅದರಂತಹ ಕರಗದ ರೂಪ ತಾಳಿ, ನೀಲಿ ಪೊರೆಯಾಗಿ ಕಾಯಿಗೆ ಅಂಟಿಕೊಂಡು ಮಳೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಲವಣ ಮತ್ತು ಪ್ರತ್ಯಾಮ್ಲದ ನಡುವಿನ ಈ ಕ್ರಿಯೆ ಕಟ್ಟುನಿಟ್ಟಾಗಿ ತಟಸ್ಥೀಕರಣವಲ್ಲವಾದರೂ ಹುಟ್ಟುವ ಲವಣವನ್ನು ಗುರುತಿಸುವ ಕ್ರಮ ಅದೇ.

ವಾಡಿಕೆಯ ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿನಲ್ಲಿ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಲೆಕ್ಕ ಹಾಕಿದರೆ 1 ಕೆ.ಜಿ. ಮೈಲುತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಹಾಗಿದ್ದರೂ ಮೂರು ಪಟ್ಟು ಹೇಳಿರುವುದೇಕೆ? ಅಂಗಡಿಯ ಸುಣ್ಣದಲ್ಲಿ ಕಲ್ಲು, ಮರಳು ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ತೆರೆದಿಟ್ಟ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿರುತ್ತದೆ. ಹಳೆಯ ಸುಣ್ಣದಲ್ಲಿ ಎಷ್ಟು ಬಲ ಉಳಿದಿದೆಯೆಂದು ತೂಕ ಹೇಳಲಾರದು, ಪರೀಕ್ಷೆಯೇ ಹೇಳಬೇಕು. ನೀಲಿ ಲಿಟ್ಮಸ್ ಕಾಗದ ಕೆಂಪಾದರೆ ದ್ರಾವಣ ಇನ್ನೂ ಹುಳಿಯಾಗಿದೆ. ಕಾಗದ ಸಿಗದಲ್ಲಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಕೆಲವು ನಿಮಿಷ ಅದ್ದಿ ತೆಗೆದರೆ ಸಾಕು. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಕರಗಿದ ತಾಮ್ರ ಉಳಿದಿದೆ, ಸುಣ್ಣದ ತಿಳಿ ಇನ್ನಷ್ಟು ಬೇಕು. ಈ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕದಡಬಾರದೆನ್ನುವುದೂ ಇದೇ ಕಾರಣಕ್ಕೆ. ಡ್ರಮ್ಮು ಇಡೀ ಒಂದು ಚಾಕುವಾಗಿ ತಾಮ್ರವನ್ನು ತಾನೇ ತೆಗೆದುಕೊಳ್ಳುತ್ತದೆ.

ಕುಡಿಯುವ ನೀರು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದನು. ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದ್ದನ್ನು ದಾಖಲಿಸುವುದು ಆ ಶಾಸನದ ಉದ್ದೇಶಗಳಲ್ಲೊಂದು. ಐದನೆಯ ಶತಮಾನದ ಅರಸನಿಗಿದ್ದ ನೀರಿನ ಹೊಣೆ ಈಗ ಪಂಚಾಯತಿಯದು. ಕೆರೆಯ ನೀರನ್ನು ಕುಡಿಯಲು ಯೋಗ್ಯವಾಗಿಸುವ ಹೊಣೆಯೂ ಸೇರಿದೆ.

ಕದಡಿದ ನೀರಿಗೆ ಆಲಂ ಹಾಕುವುದು ಎಲ್ಲರಿಗೂ ಗೊತ್ತು. ಆಲಂ ಅಲ್ಯೂಮಿನಿಯಂನ ಸಲ್ಫೇಟ್. ಮೈಲುತುತ್ತದಂತೆ ಇದೂ ಹುಳಿ ಸ್ವಭಾವದ ಲವಣ. ನೀರಿನಲ್ಲಿ ಸಹಜವಾಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಅದರ ಸಲ್ಫೇಟನ್ನು ಪಡೆದು ಕ್ಯಾಲ್ಸಿಯಂ ಸಲ್ಫೇಟ್ ಆದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹತ್ತಿಯಂತೆ ಗೆಡ್ಡೆಗಟ್ಟಿ ಮಣ್ಣಿನ ಕಣಗಳನ್ನು ಹಿಡಿದು ತಳಕ್ಕಿಳಿಯುತ್ತದೆ. ಮಲೆನಾಡಿನ ಮಳೆನೀರು ಮೆದು ನೀರು. ಅದರಲ್ಲಿ ಬೈಕಾರ್ಬೊನೇಟ್ ಕಡಿಮೆ. ಹಾಗಾಗಿ ಎಷ್ಟು ಆಲಂ ಸುರಿದರೂ ನೀರು ತಿಳಿಯಾಗದಿರುವುದು, ನೀರು ಹುಳಿಯಾಗಿ ಪೈಪುಗಳನ್ನು ಕೊರೆಯುವುದು ಸಂಭವ. ಆಗ ಬೇಕಾದದ್ದು ಮತ್ತಷ್ಟು ಆಲಂ ಅಲ್ಲ, ಸ್ವಲ್ಪ ಸುಣ್ಣ. ಸುಣ್ಣ ಮಿತಿಮೀರಿದರೆ ಕ್ಲೋರಿನ್ ತನ್ನ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ರಸಸಾರ 6.5ರಿಂದ 8.5ರ ಒಳಗಿರಬೇಕು. ನೀರುಗಂಟಿಯ ಕೈಯಲ್ಲಿ ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆಯ ಜೊತೆಗೆ ರಸಸಾರ ಕಾಗದವೂ ಇರಬೇಕೆನ್ನುವುದು ಇದಕ್ಕಾಗಿ.

ದಾಸ್ತಾನು ಕೊಠಡಿ

ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಬ್ಲೀಚಿಂಗ್ ಪೌಡರ್ ಸುಣ್ಣದಿಂದ ತಯಾರಾದದ್ದು, ನೋಡಲು ಸುಣ್ಣದಂತೆಯೇ ಇರುತ್ತದೆ. ಆದ್ದರಿಂದ ಚೆಲ್ಲಿದ ಆಸಿಡ್ಡಿನ ಮೇಲೆ ಅದನ್ನು ಎರಚಿದರೆ ಸರಿಹೋದೀತೆಂದು, ಅಥವಾ ಎರಡನ್ನೂ ಕೂಡಿಸಿ ತೊಳೆದರೆ ಶೌಚಾಲಯ ಹೆಚ್ಚು ಬೆಳ್ಳಗಾದೀತೆಂದು ಭಾವಿಸುವವರಿದ್ದಾರೆ. ನಿಯಮದ ಪ್ರಕಾರ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಹುಟ್ಟುವ ಲವಣ ಕ್ಯಾಲ್ಸಿಯಂ ಕ್ಲೋರೈಡ್, ಅದೇನೂ ಅಪಾಯಕಾರಿಯಲ್ಲ. ಆದರೆ ಲವಣ ಮತ್ತು ನೀರಿನ ಜೊತೆಗೆ ಕ್ಲೋರಿನ್ ಅನಿಲವೂ ಹೊರಡುತ್ತದೆ. ಮುಚ್ಚಿದ ಶೌಚಾಲಯದಲ್ಲಿ ಬಾಗಿ ಕೆಲಸ ಮಾಡುವ ಸ್ವಚ್ಛತಾ ಸಿಬ್ಬಂದಿಯ ಶ್ವಾಸಕೋಶವನ್ನು ಅದು ಕೆಲವೇ ಉಸಿರುಗಳಲ್ಲಿ ಸುಡಬಲ್ಲದು. ಲವಣದ ಹೆಸರು ಹೇಳಿದ ಮೇಲೆ ಇನ್ನೇನು ಉಳಿಯಿತು ಎಂದು ಕೇಳುವುದನ್ನು ಮರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನವಿಲ್ಲ. ಎರಡು ವಸ್ತುಗಳನ್ನೂ ಒಂದೇ ಕಪಾಟಿನಲ್ಲಿಡಬಾರದು. ಒಂದನ್ನು ಅಳೆದ ಮಗ್ಗಿನಿಂದ ಇನ್ನೊಂದನ್ನು ಅಳೆಯಬಾರದು.

ಆಸಿಡ್ ಚೆಲ್ಲಿದಾಗ ಅದಕ್ಕೆ ತಕ್ಕದ್ದು ಅಡುಗೆ ಸೋಡಾ ಅಥವಾ ಸುಣ್ಣದ ಪುಡಿ. ಬೀದಿದೀಪದ ಹಳೆಯ ಸೋಲಾರ್ ಬ್ಯಾಟರಿಗಳಲ್ಲಿರುವುದು ಗಂಧಕಾಮ್ಲ. ಅಡುಗೆ ಸೋಡಾ ಹಾಕಿದರೆ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ತೊಳೆದುಹೋಗುತ್ತದೆ, ಸುಣ್ಣ ಹಾಕಿದರೆ ಜಿಪ್ಸಂ ಆಗಿ ನೆಲದಲ್ಲಿ ಉಳಿಯುತ್ತದೆ, ಗುಡಿಸಿ ತೆಗೆಯಬೇಕು. ನೊರೆ ಏಳುವುದು ನಿಂತಾಗ ಆಮ್ಲ ಮುಗಿಯಿತೆಂದು ತಿಳಿಯುವ ಅನುಕೂಲ ಸೋಡಾದಲ್ಲಿದೆ. ಮೈಮೇಲೆ ಬಿದ್ದಾಗ ಮಾತ್ರ ಯಾವ ಪುಡಿಯನ್ನೂ ಹಾಕದೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆಯಬೇಕು. ತಟಸ್ಥೀಕರಣದಲ್ಲಿ ಶಾಖ ಹುಟ್ಟುವುದರಿಂದ ಸುಟ್ಟ ಚರ್ಮ ಇನ್ನಷ್ಟು ಸುಡುತ್ತದೆ.

ಆಸಿಡ್ಡಿನ ಚಿಲ್ಲರೆ ಮಾರಾಟವನ್ನು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 18ರ ಆದೇಶದಿಂದ ನಿಯಂತ್ರಿಸಿದೆ. ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಿ ವಿವರ ಬರೆದುಕೊಳ್ಳಬೇಕು. ಆಸಿಡ್ ಇಟ್ಟುಕೊಳ್ಳುವ ಸರ್ಕಾರಿ ಇಲಾಖೆ, ಶಾಲೆ ಮತ್ತು ಆಸ್ಪತ್ರೆಗಳು ಬಳಕೆಯ ವಹಿ ಇಟ್ಟು ಅದನ್ನು ಉಪವಿಭಾಗ ದಂಡಾಧಿಕಾರಿಗಳಿಗೆ ಸಲ್ಲಿಸಬೇಕು, ಸುರಕ್ಷತೆಗೆ ಒಬ್ಬ ಜವಾಬ್ದಾರನನ್ನು ನೇಮಿಸಬೇಕು. ಪಂಚಾಯತಿಗಳೂ ಇದೇ ಕ್ರಮ ಪಾಲಿಸುವುದು ಯುಕ್ತ. ಅದಕ್ಕಿಂತ ಮೊದಲು, ಆಸಿಡ್ ಬೇಕೇ ಎಂದೇ ಸಭೆಯಲ್ಲಿ ಕೇಳಬಹುದು. ಅದು ಶೌಚಾಲಯದ ಸಿಮೆಂಟಿನಲ್ಲಿರುವ ಸುಣ್ಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ಮಾಡಿ ಕರಗಿಸಿಕೊಂಡು ಹೋಗುತ್ತದೆ. ಗುಂಡಿಯಲ್ಲಿ ಮಲವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಸಾಬೂನು ನೀರು ಮತ್ತು ಗಟ್ಟಿ ಬ್ರಷ್ಷಿನಿಂದ ಆಗುವ ಕೆಲಸಕ್ಕೆ ಅದನ್ನು ಕೊಳ್ಳಬೇಕಾಗಿಲ್ಲ.

ಹಳೆಯ ಕಲ್ಲು

ಜಾತ್ರೆ, ಉತ್ಸವಗಳಿಗೆ ಮುನ್ನ ಹಳೆಯ ಗುಡಿಗಳ ಕಲ್ಲನ್ನು ಆಸಿಡ್ಡಿನಿಂದ ತೊಳೆಸಬೇಕೆಂಬ ಬೇಡಿಕೆ ಹಲವೆಡೆ ಬರುತ್ತದೆ. ಶಾಸನಗಳು ಹೆಜ್ಜೆಹೆಜ್ಜೆಗೂ ಸಿಗುವ ತಾಳಗುಂದ, ಬಳ್ಳಿಗಾವಿಯ ಸುತ್ತಲಿನ ಪಂಚಾಯತಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಸಂದುಗಳಲ್ಲಿನ ಗಾರೆ, ಮೇಲೆ ಬಳಿದ ಸುಣ್ಣ ಎರಡೂ ಕಾರ್ಬೊನೇಟ್. ಆಸಿಡ್ ಬಿದ್ದಾಗ ಅವು ಬುರಬುರನೆ ನೊರೆಯೆದ್ದು ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತವೆ. ಈ ಲವಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಕಲ್ಲಿನ ಸಣ್ಣ ರಂಧ್ರಗಳೊಳಗೆ ಇಳಿದು ಪ್ರತಿ ಮಳೆಗಾಲದಲ್ಲಿ ನೀರು ಕುಡಿಯುತ್ತಿರುತ್ತದೆ. ಆಮೇಲೆ ವಾಷಿಂಗ್ ಸೋಡಾದಿಂದ ತೊಳೆದರೆ ಆಮ್ಲ ತಟಸ್ಥವಾಗುವುದು ನಿಜ, ಆದರೆ ಹುಟ್ಟುವುದು ಅಡುಗೆಯ ಉಪ್ಪು. ಬೇಸಿಗೆಯಲ್ಲಿ ಅದು ರಂಧ್ರದೊಳಗೇ ಹರಳುಗಟ್ಟಿ ಹಿಗ್ಗಿದಾಗ ಕಲ್ಲಿನ ಮೇಲ್ಪದರ ಹೊಪ್ಪಳಿಕೆಯಾಗಿ ಏಳುತ್ತದೆ. ಅಕ್ಷರಗಳಿರುವುದು ಆ ಮೇಲ್ಪದರದಲ್ಲಿಯೇ.

ಪ್ರಣವೇಶ್ವರ ದೇವಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಅದಕ್ಕೆ ಅನ್ವಯಿಸುತ್ತದೆ. ಅಲ್ಲಿ ತೊಳೆಯುವ, ಬಳಿಯುವ ಯಾವ ಕೆಲಸವೂ ಪಂಚಾಯತಿಯದಲ್ಲ. ಸಂರಕ್ಷಿತವಲ್ಲದ ಸಣ್ಣ ಗುಡಿ, ವೀರಗಲ್ಲು, ಮಾಸ್ತಿಗಲ್ಲುಗಳ ವಿಷಯದಲ್ಲಿ ನಿರ್ಣಯ ಪಂಚಾಯತಿಯ ಮುಂದೆ ಬರಬಹುದು. ಅಂತಹ ಅಂದಾಜು ಪಟ್ಟಿಯಲ್ಲಿ ಆಸಿಡ್ ತೊಳೆತ ಎಂಬ ಬಾಬ್ತು ಕಂಡರೆ ಅದನ್ನು ಹೊಡೆದುಹಾಕಿ, ಬರಿ ನೀರು ಮತ್ತು ಮೆದು ನಾರಿನ ಬ್ರಷ್ ಎಂದು ಬರೆಯಿಸಬೇಕು.